ಬಳ್ಳಿಗೆ ಯಾವ ದೇಶದ ಪಾಸ್‌ಪೋರ್ಟ್?

ಹಳೆಯ ಬೇಟೆಕೋವಿ, ಪಿಸ್ತೂಲುಗಳನ್ನು ಮಾರುವ ಹರಾಜು ಕ್ಯಾಟಲಾಗುಗಳನ್ನು ತೆರೆದರೆ ಕೆಲವು ಪದಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ: ‘ಇಂಗ್ಲಿಷ್ ಸ್ಕ್ರಾಲ್’, ‘ಅಮೆರಿಕನ್ ಸ್ಕ್ರಾಲ್’, ‘ಜರ್ಮಾನಿಕ್ ಸ್ಕ್ರಾಲ್’, ‘ಅರಬೆಸ್ಕ್’. ಉಕ್ಕಿನ ಮೇಲೆ ಉಳಿಯಿಂದ ಕೊರೆದ ಬಳ್ಳಿಯ ಸುರುಳಿಗಳಿಗೆ ಇಟ್ಟಿರುವ ಹೆಸರುಗಳಿವು. ಕೆತ್ತನೆ ಕಲಿಸುವ ಕೈಪಿಡಿಗಳಲ್ಲೂ ಇವೇ ಇವೆ. ಮ್ಯೂಸಿಯಮ್ಮುಗಳ ಗಾಜಿನ ಪೆಟ್ಟಿಗೆಯೊಳಗಿನ ಚೀಟಿಗಳಲ್ಲಿ ಇರುವುದೂ ಇವುಗಳ ದಾಯಾದಿಗಳೇ. ಲೋಹದ ಮೇಲಿನ ಅಲಂಕಾರವನ್ನು ಜನ ಯಾವ ಪದಗಳಲ್ಲಿ ವಿವರಿಸುತ್ತಾ ಬಂದಿದ್ದಾರೆ ಎನ್ನುವುದೇ ನನ್ನ ಪಿಎಚ್.ಡಿ. ವಿಷಯ. ಹಾಗಾಗಿ ನಾಲ್ಕು ವರ್ಷಗಳಿಂದ ಈ ಹೆಸರುಗಳ ಜೊತೆಗೇ ನನ್ನ ಸಂಸಾರ. ಸಂಸಾರ ಅಂದಮೇಲೆ ಜಗಳವೂ ಇರಬೇಕಲ್ಲ. ನನ್ನ ಜಗಳ ಇಷ್ಟೇ: ಇವು ವಿವರಣೆಗಳಲ್ಲ, ಪಾಸ್‌ಪೋರ್ಟುಗಳು. ಬಳ್ಳಿ ಹೇಗಿದೆ ಎಂದು ಹೇಳಬೇಕಾದ ಜಾಗದಲ್ಲಿ ಅದು ಯಾವ ದೇಶದ್ದು ಎಂದು ಹೇಳುತ್ತವೆ. ಎಷ್ಟೋ ಸಲ ಅದನ್ನೂ ಅರ್ಧಂಬರ್ಧ ಹೇಳುತ್ತವೆ.

‘ಕೊಲ್ಲುವ ಯಂತ್ರದ ಮೇಲಿನ ಹೂಬಳ್ಳಿಗೆ ಯಾವ ಹೆಸರಿಟ್ಟರೇನು?’ ಎಂದು ನೀವು ಕೇಳಬಹುದು. ನನ್ನ ಸ್ನೇಹಿತರು ದಿನಾ ಕೇಳುತ್ತಾರೆ. ಕೋವಿಯ ಬಗ್ಗೆ ನನಗೂ ಪ್ರೀತಿಯೇನಿಲ್ಲ. ಆದರೆ ಬಳ್ಳಿ ಕೆತ್ತಿದವನು ಬೇಟೆಗಾರನೂ ಅಲ್ಲ, ಸೈನಿಕನೂ ಅಲ್ಲ. ಕಿಟಕಿಯ ಬೆಳಕಿಗೆ ಬೆನ್ನು ಬಗ್ಗಿಸಿ ಕೂತು, ಕೂಲಿಗೆ ಕಣ್ಣು ಸವೆಸಿದ ಕೆಲಸಗಾರ ಅವನು. ಕೋವಿಯ ಮೇಲೆ ಕಂಪನಿಯ ಹೆಸರಿರುತ್ತದೆ, ಕೊಂಡ ಸಾಹುಕಾರನ ಹೆಸರಿನ ಮೊದಲಕ್ಷರಗಳೂ ಇರಬಹುದು. ಕೆತ್ತಿದವನ ಹೆಸರು ಇರುವುದು ಅಪರೂಪ. ಅವನು ಬಿಟ್ಟುಹೋದ ಗುರುತೆಂದರೆ ಬಳ್ಳಿಯೊಂದೇ. ಅದರ ಮೇಲೂ ದೇಶವೊಂದರ ಹೆಸರು ಒತ್ತಿಬಿಟ್ಟರೆ ಅವನ ಪಾಲಿಗೆ ಏನುಳಿಯಿತು? ಪ್ರಶ್ನೆ ಕೋವಿಯದಲ್ಲ, ದುಡಿದ ಕೈಯದು.

ಮೊದಲು ಆ ಕೆಲಸ ಏನೆಂದು ನೋಡೋಣ. ಕೋವಿಯ ಲಾಕ್ ಇರುವ ಪಕ್ಕದ ತಗಡು, ನಳಿಗೆ ಬಂದು ಕೂರುವ ನಡುಭಾಗ, ಟ್ರಿಗರಿನ ಸುತ್ತಲಿನ ಬಳೆ, ಇವು ಕೆತ್ತನೆಗಾರನ ಕೈಗೆ ಬರುವುದು ಇನ್ನೂ ಮೆದುವಾಗಿರುವಾಗ. ಕೆತ್ತಿ ಮುಗಿದ ಮೇಲೆಯೇ ಅವನ್ನು ಕಾಯಿಸಿ ಮೇಲ್ಮೈಯನ್ನು ಗಟ್ಟಿಗೊಳಿಸುವುದು. ಆಮೇಲೆ ತಿದ್ದುವುದೆಂದರೆ ಬಲು ಕಷ್ಟ. ಕೆಲವರು ಉಳಿಯನ್ನು ಅಂಗೈಯಲ್ಲಿಟ್ಟು ಒತ್ತಿ ಕೊರೆಯುತ್ತಾರೆ, ಕೆಲವರು ಸಣ್ಣ ಸುತ್ತಿಗೆಯಿಂದ ಉಳಿಯ ಹಿಂಬದಿಗೆ ತಟ್ಟುತ್ತಾ ಗೆರೆಯನ್ನು ಮುಂದಕ್ಕೆ ನಡೆಸುತ್ತಾರೆ. ಬಳ್ಳಿ ಹುಟ್ಟುವುದು ಒಂದು ಬೆನ್ನುಗೆರೆಯಿಂದ. ಆ ಗೆರೆ ಒಳಮುಖವಾಗಿ ಸುತ್ತುತ್ತಾ ಬರಬೇಕು. ಸುತ್ತಿದಂತೆಲ್ಲ ಬಾಗು ಸಮನಾಗಿ ಬಿಗಿಯಾಗಬೇಕು, ಎಲ್ಲೂ ಚಪ್ಪಟೆಯಾಗಬಾರದು, ಎಲ್ಲೂ ಮೂಲೆ ಏಳಬಾರದು. ಒಂದು ಸುರುಳಿಯ ಬೆನ್ನಿನಿಂದ ಇನ್ನೊಂದು ಕವಲೊಡೆದು ಎದುರು ದಿಕ್ಕಿಗೆ ಸುತ್ತುತ್ತದೆ. ಬೆನ್ನುಗೆರೆಯಿಂದ ಎಲೆಗಳು ಹೊರಡುತ್ತವೆ. ಎಲೆಗಳ ಮೇಲೆ ನೆರಳಿನ ಸಣ್ಣ ಗೆರೆಗಳು ಬೀಳುತ್ತವೆ. ಕೊನೆಗೆ ಉಳಿಯುವುದು ಬಳ್ಳಿಯ ನಡುವಿನ ಖಾಲಿ ಜಾಗ, ಅಂದರೆ ನೆಲ. ಅದನ್ನು ಹಾಗೇ ಬಿಡಬಹುದು, ಕೊರೆದು ತಗ್ಗಿಸಬಹುದು, ಚುಕ್ಕೆ ಹೊಡೆದು ಕಪ್ಪಾಗಿಸಬಹುದು.

ಬೆನ್ನುಗೆರೆ, ಕವಲು, ಎಲೆ, ನೆರಳು, ನೆಲ. ಯಾವುದೇ ಬಳ್ಳಿಯನ್ನು ಈ ಐದರಲ್ಲಿ ಬಿಡಿಸಿ ಹೇಳಬಹುದು. ಉತ್ತಮ ಬೇಟೆಕೋವಿಗಳ ಮೇಲೆ ಕಾಣುವ ‘ಇಂಗ್ಲಿಷ್’ ಎಂಬ ಬಳ್ಳಿಯಲ್ಲಿ ಸುರುಳಿಗಳು ತೀರಾ ಸಣ್ಣವು, ಒತ್ತೊತ್ತಾಗಿ ತುಂಬಿಕೊಂಡಿರುತ್ತವೆ, ನೆಲ ಕಾಣುವುದೇ ಕಡಿಮೆ. ದೂರದಿಂದ ನೋಡಿದರೆ ಉಕ್ಕಿನ ಮೇಲೆ ತೆಳುವಾದ ಲೇಸು ಹೊದಿಸಿದಂತೆ. ‘ಅಮೆರಿಕನ್’ ಎಂಬುದರಲ್ಲಿ ಸುರುಳಿ ದೊಡ್ಡದು, ಸಡಿಲ, ಎಲೆಗಳು ಕಡಿಮೆ ಮತ್ತು ಢಾಳು. ಹಿಂದಿನ ನೆಲಕ್ಕೆ ಚುಕ್ಕೆ ಹೊಡೆದಿರುವುದರಿಂದ ಬಳ್ಳಿ ಎದ್ದು ಕಾಣುತ್ತದೆ. ‘ಜರ್ಮಾನಿಕ್’ ಎಂಬುದರಲ್ಲಿ ನೆಲವನ್ನು ಆಳವಾಗಿ ತಗ್ಗಿಸಿ, ಅಕ್ಯಾಂಥಸ್ ಗಿಡದ ಸೀಳೆಲೆಯನ್ನೋ ಓಕ್ ಮರದ ಎಲೆಯನ್ನೋ ಉಬ್ಬಿಸಿ, ನಡುವೆ ಜಿಂಕೆ, ಕಾಡುಹಂದಿಗಳನ್ನು ಕೂರಿಸುವುದು ಹೆಚ್ಚು. ಇಷ್ಟನ್ನು ಹೇಳಲು ನನಗೆ ದೇಶದ ಹೆಸರು ಬೇಕಾಗಲಿಲ್ಲ, ಗಮನಿಸಿದಿರಾ?

ಈಗ ‘ಅಮೆರಿಕನ್’ ಬಳ್ಳಿಯ ಪಾಸ್‌ಪೋರ್ಟನ್ನು ಸ್ವಲ್ಪ ಬಿಡಿಸಿ ನೋಡೋಣ. ಈ ಶೈಲಿಯ ಮಾತು ಬಂದಾಗಲೆಲ್ಲ ಎದುರಾಗುವ ಹೆಸರು ಲೂಯಿಸ್ ಡೇನಿಯಲ್ ನಿಮ್ಶ್ಕೆ. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದವನು, ನ್ಯೂಯಾರ್ಕಿನಲ್ಲಿ ಬಾಳಿ 1904ರಲ್ಲಿ ತೀರಿಕೊಂಡವನು. ಅವನ ಬಗ್ಗೆ ನಮಗೆ ಇಷ್ಟೆಲ್ಲ ತಿಳಿದಿರಲು ಒಂದು ಕಾರಣವಿದೆ. ತಾನು ಕೆತ್ತಿದ ತಗಡುಗಳಿಗೆ ಮಸಿ ಹಚ್ಚಿ, ಕಾಗದದ ಮೇಲೆ ಅಚ್ಚು ತೆಗೆದು, ಒಂದು ಪುಸ್ತಕದಲ್ಲಿ ಅಂಟಿಸಿಟ್ಟುಕೊಳ್ಳುವ ಅಭ್ಯಾಸ ಅವನಿಗಿತ್ತು. ಆ ಪುಸ್ತಕ ಉಳಿದು, 1965ರಲ್ಲಿ ಅಚ್ಚಾಗಿ ಹೊರಬಂತು. ಆ ಅಂಟುಪುಸ್ತಕ ಎಲ್ಲೋ ಗೆದ್ದಲಿಗೆ ಹೋಗಿದ್ದರೆ ಅವನ ಎಷ್ಟೋ ಬಳ್ಳಿಗಳು ಇವತ್ತು ಬರೀ ‘ಅಮೆರಿಕನ್’ ಆಗಿ ಉಳಿಯುತ್ತಿದ್ದವು.

ಅವನೊಬ್ಬನೇ ಅಲ್ಲ. ಹಾರ್ಟ್‌ಫರ್ಡಿನ ಕೋಲ್ಟ್ ಕಾರ್ಖಾನೆಗೆ 1850, 60ರ ದಶಕಗಳಲ್ಲಿ ಹೆಸರು ತಂದುಕೊಟ್ಟ ಗುಸ್ತಾವ್ ಯಂಗ್, ಆಮೇಲೆ ಸ್ಪ್ರಿಂಗ್‌ಫೀಲ್ಡಿಗೆ ಹೋಗಿ ಸ್ಮಿತ್ ಅಂಡ್ ವೆಸ್ಸನ್ ಕಂಪನಿಗೆ ಕೆತ್ತಿದವನು, ಪ್ರಶ್ಯಾದಲ್ಲಿ ಹುಟ್ಟಿದವನು. ವಿಂಚೆಸ್ಟರ್ ರೈಫಲುಗಳ ಮೇಲೆ ಜಿಂಕೆ, ಕರಡಿಗಳನ್ನು ಕೆತ್ತಿದ ಉಲ್ರಿಚ್ ಮನೆತನದ ಬೇರೂ ಜರ್ಮನಿಯಲ್ಲೇ. 20ನೇ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ದೊಡ್ಡ ಕೆತ್ತನೆಗಾರ ಎನಿಸಿಕೊಂಡ ರುಡಾಲ್ಫ್ ಕಾರ್ನ್‌ಬ್ರಾಥ್ ಆಸ್ಟ್ರಿಯಾದ ಫೆರ್ಲಾಖ್ ಎಂಬ ಕೋವಿ ಕಮ್ಮಾರರ ಊರಿನಿಂದ ಹಾರ್ಟ್‌ಫರ್ಡಿಗೆ ಬಂದವನು. ಇವರೆಲ್ಲ ಹಡಗು ಹತ್ತುವಾಗ ಕೈಯಲ್ಲಿದ್ದದ್ದು ಉಳಿ, ತಲೆಯಲ್ಲಿದ್ದದ್ದು ಬಳ್ಳಿ. ಹೊಸ ನೆಲದಲ್ಲಿ ಗಿರಾಕಿಗಳ ರುಚಿ ಬೇರೆ, ಕಾರ್ಖಾನೆಯ ಅವಸರ ಬೇರೆ. ಬಳ್ಳಿ ಬದಲಾಯಿತು, ನಿಜ. ಆದರೆ ಬದಲಾಯಿಸಿದ ಕೈಗಳ ಕಥೆಯನ್ನು ‘ಅಮೆರಿಕನ್’ ಎಂಬ ಒಂದು ಪದ ಪೂರ್ತಿ ನುಂಗಿಕೊಳ್ಳುತ್ತದೆ. ಅದರ ಪಕ್ಕದಲ್ಲೇ ‘ಜರ್ಮಾನಿಕ್’ ಎಂದು ಇನ್ನೊಂದು ಖಾನೆ ಮಾಡಿ, ಎರಡೂ ಹುಟ್ಟಿನಿಂದಲೇ ಬೇರೆ ಬೇರೆ ಜಾತಿಗಳು ಎನ್ನುವ ಭ್ರಮೆಯನ್ನೂ ಹುಟ್ಟಿಸುತ್ತದೆ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಸುಮಾರು 1853ರ ಕೋಲ್ಟ್ ರಿವಾಲ್ವರ್ ಒಂದಿದೆ. ಮೈತುಂಬ ಬಳ್ಳಿ, ಚಿನ್ನದ ಕೆಲಸ, ಚಿನ್ನದಲ್ಲೇ ಜಾರ್ಜ್ ವಾಷಿಂಗ್ಟನ್ನನ ಮುಖ. ಸ್ಯಾಮ್ಯುಯೆಲ್ ಕೋಲ್ಟ್ ಇದನ್ನು ಮಾಡಿಸಿದ್ದು ಆಟೊಮನ್ ಸುಲ್ತಾನನಿಗೆ ಉಡುಗೊರೆ ಕೊಡಲಿಕ್ಕೆ ಎನ್ನುತ್ತಾರೆ. ಕೋವಿ ಅಮೆರಿಕದ್ದು. ಆ ಕಾಲಕ್ಕೆ ಆ ಕಾರ್ಖಾನೆಗೆ ಈ ಮಟ್ಟದ ಕೆಲಸ ಮಾಡಿಕೊಡುತ್ತಿದ್ದವರಲ್ಲಿ ಜರ್ಮನಿಯಿಂದ ಬಂದವರೇ ಮುಂದು. ತಲುಪಬೇಕಾದದ್ದು ಇಸ್ತಾಂಬುಲ್. ಆ ಸುಲ್ತಾನನ ಸಾಮ್ರಾಜ್ಯದ ಗೋಡೆ, ಬಟ್ಟೆ, ಪುಸ್ತಕಗಳ ಮೇಲೆ ಹಬ್ಬಿದ ಬಳ್ಳಿಗೆ ಯುರೋಪಿನವರು ಇಟ್ಟ ಹೆಸರು ‘ಅರಬೆಸ್ಕ್’. ಈಗ ಹೇಳಿ, ಈ ರಿವಾಲ್ವರಿನ ಬಳ್ಳಿಗೆ ಯಾವ ದೇಶದ ಠಸ್ಸೆ ಒತ್ತುತ್ತೀರಿ?

‘ಇಂಗ್ಲಿಷ್’ ಎಂಬ ಹೆಸರಿನದೂ ಇದೇ ಕಥೆ. 17ನೇ ಶತಮಾನದ ದ್ವಿತೀಯಾರ್ಧದಲ್ಲಿ ಕೋವಿ ಅಲಂಕಾರದ ರಾಜಧಾನಿ ಪ್ಯಾರಿಸ್. ಸುಮಾರು 1660ರಲ್ಲಿ ತುರೇನ್ ಮತ್ತು ಲ ಹೊಲಾಂದ್ವಾ ಎಂಬ ಜೋಡಿ ಕುಶಲಕರ್ಮಿಗಳ ವಿನ್ಯಾಸಗಳು, 1680ರ ದಶಕದಲ್ಲಿ ಕ್ಲೋಡ್ ಸಿಮೊನಿನ್‌ನ ಹಾಳೆಗಳು ಅಲ್ಲಿ ಅಚ್ಚಾದವು. ಲಾಕಿನ ಮೇಲೆ ಯಾವ ಬಳ್ಳಿ, ಟ್ರಿಗರಿನ ಬಳೆಯ ಮೇಲೆ ಯಾವ ಹೂ ಎಂದು ತೋರಿಸುವ ಆ ಹಾಳೆಗಳು ಯುರೋಪಿನ ಅಂಗಡಿ ಅಂಗಡಿಗೂ ಹೋದವು. ಅದೇ ದಶಕದಲ್ಲಿ ಫ್ರಾನ್ಸಿನ ಪ್ರಾಟೆಸ್ಟಂಟರಿಗೆ ಸ್ವಂತ ದೇಶದಲ್ಲಿ ಬಾಳುವುದು ಕಷ್ಟವಾಯಿತು. 1685ರಲ್ಲಿ ದೊರೆ ಅವರಿಗಿದ್ದ ಧಾರ್ಮಿಕ ಸ್ವಾತಂತ್ರ್ಯದ ಶಾಸನವನ್ನೇ ರದ್ದು ಮಾಡಿದ. ಓಡಿಬಂದವರಲ್ಲಿ ಕೋವಿ ಮಾಡುವವರೂ ಇದ್ದರು. ಪ್ಯಾರಿಸ್ಸಿನ ಪಿಯೆರ್ ಮಾನ್‌ಲಾಂಗ್ ಆ ಹೊತ್ತಿಗೆ ಲಂಡನ್ನಿಗೆ ಬಂದು, ಮುಂದೆ ಇಂಗ್ಲೆಂಡಿನ ಅರಸನ ಆಶ್ರಯ ಪಡೆದ. ಅವನು ಲಂಡನ್ನಿನಲ್ಲಿ ಮಾಡಿದ ಪಿಸ್ತೂಲುಗಳು ಆ ಊರಿನ ಕೋವಿ ಕಲೆಯ ಹೆಮ್ಮೆ ಎನಿಸಿಕೊಂಡಿವೆ. ವಲಸಿಗನ ಕೈ, ಊರಿನ ಹೆಮ್ಮೆ!

19ನೇ ಶತಮಾನದ ಕೊನೆಗೆ ಕಾಣಿಸಿಕೊಳ್ಳುವ ಸಣ್ಣ ಸುರುಳಿಯ ಲಂಡನ್ ಕೆತ್ತನೆ ನೇರವಾಗಿ ಮಾನ್‌ಲಾಂಗ್‌ನಿಂದ ಬಂತು ಎಂದು ನಾನು ಹೇಳುತ್ತಿಲ್ಲ. ನಡುವೆ ಇನ್ನೂರು ವರ್ಷಗಳ ಕೊಡುಕೊಳ್ಳುವಿಕೆ ಇದೆ. ಆದರೆ ‘ಇಂಗ್ಲಿಷ್’ ಎಂಬ ಪದವನ್ನು ಕೇಳಿದ ಕೂಡಲೇ ಆ ಇನ್ನೂರು ವರ್ಷಗಳು ಮಾಯವಾಗುತ್ತವೆ. ಇಂಗ್ಲೆಂಡಿನ ಮಣ್ಣಿನಲ್ಲಿ ತಾನಾಗಿಯೇ ಮೊಳೆತ ಬಳ್ಳಿ ಅದು ಎಂಬ ಚಿತ್ರ ತಲೆಯಲ್ಲಿ ನಿಲ್ಲುತ್ತದೆ. ಅಷ್ಟೇ ಅಲ್ಲ, ಆ ಪದ ಇಂಗ್ಲೆಂಡಿನೊಳಗಿನ ಭೇದವನ್ನೂ ಅಳಿಸುತ್ತದೆ. ಪರ್ಡಿ ಕಂಪನಿಯ ಕೋವಿಗಳ ಮೇಲಿನ ಬಳ್ಳಿಯಲ್ಲಿ ಸಣ್ಣ ಸುರುಳಿಗಳ ನಡುವೆ ಗುಲಾಬಿ ಗೊಂಚಲುಗಳು ಬರುತ್ತವೆ. ಹಾಲಂಡ್ ಅಂಡ್ ಹಾಲಂಡ್ ಕಂಪನಿಯ ‘ರಾಯಲ್’ ಕೋವಿಯ ಮೇಲಿರುವುದು ದೊಡ್ಡ ಎಲೆಯ ಢಾಳು ಬಳ್ಳಿ. ಎರಡೂ ಲಂಡನ್ನಿನವೇ, ಎರಡನ್ನೂ ನಮ್ಮ ರಾಜಮಹಾರಾಜರು ಮುಗಿಬಿದ್ದು ಕೊಂಡದ್ದೇ. ಅಕ್ಕಪಕ್ಕ ಇಟ್ಟರೆ ಕೆತ್ತನೆಯ ಗಂಧಗಾಳಿ ಇಲ್ಲದವರಿಗೂ ವ್ಯತ್ಯಾಸ ಕಾಣುತ್ತದೆ. ಇನ್ನು ಬರ್ಮಿಂಗ್‌ಹ್ಯಾಮಿನ ಸಣ್ಣ ಅಂಗಡಿಗಳಲ್ಲಿ ಬಿಡಿ ಲೆಕ್ಕದಲ್ಲಿ ಕೆತ್ತಿದವರ ಕೆಲಸ ಎಷ್ಟೋ ಊರಿನ ವ್ಯಾಪಾರಿಗಳ ಹೆಸರು ಹೊತ್ತು ಮಾರಾಟವಾಯಿತು. ಅವರ ಬಳ್ಳಿಯೂ ‘ಇಂಗ್ಲಿಷ್’. ಹೆಸರಿಲ್ಲದವರಿಗೆ ದೇಶವೇ ಹೆಸರು.

‘ಅರಬೆಸ್ಕ್’ ಪದದ ತಮಾಷೆ ಇನ್ನೂ ದೊಡ್ಡದು. ‘ಅರಬರ ರೀತಿಯದು’ ಎನ್ನುವುದಷ್ಟೇ ಅದರ ಅರ್ಥ. ಅರಬರು ಇಟ್ಟುಕೊಂಡ ಹೆಸರಲ್ಲ, ಯುರೋಪು ಇಟ್ಟ ಹೆಸರು. ವಿಯೆನ್ನಾದ ಮ್ಯೂಸಿಯಮ್ಮಿನಲ್ಲಿ ಬಟ್ಟೆ, ಜಮಖಾನೆಗಳನ್ನು ನೋಡಿಕೊಳ್ಳುತ್ತಿದ್ದ ಅಲೋಯ್ಸ್ ರೀಗಲ್ ಎಂಬ ವಿದ್ವಾಂಸ 1893ರಲ್ಲಿ ಒಂದು ಪುಸ್ತಕ ಬರೆದ. ಈಜಿಪ್ಟಿನ ತಾವರೆಯಿಂದ ಹೊರಟು, ಗ್ರೀಕರ ಎಲೆಬಳ್ಳಿಯಾಗಿ, ರೋಮ್ ಮತ್ತು ಬೈಜಾಂಟಿಯಮ್ ದಾಟಿ, ಇಸ್ಲಾಮೀ ನಾಡುಗಳ ಅರಬೆಸ್ಕ್ ಆಗುವವರೆಗೆ ಒಂದೇ ಬಳ್ಳಿ ಹೇಗೆ ಕೈಯಿಂದ ಕೈಗೆ ದಾಟುತ್ತಾ ರೂಪ ಬದಲಿಸಿತು ಎಂದು ಅದರಲ್ಲಿ ತೋರಿಸಿದ. ಅವನ ವಾದದ ವಿವರಗಳನ್ನು ಆಮೇಲಿನವರು ಪ್ರಶ್ನಿಸಿದ್ದಾರೆ. ಆದರೆ ಬಳ್ಳಿಗೆ ಗಡಿ ಇಲ್ಲ ಎನ್ನುವ ಮೂಲ ಮಾತು ಅಲ್ಲಾಡಿಲ್ಲ. ನೂರಮೂವತ್ತು ವರ್ಷಗಳ ಹಿಂದೆಯೇ ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ಇವತ್ತಿನ ಕ್ಯಾಟಲಾಗು ಬರೆಯುವವರು ಕೇಳಿಸಿಕೊಂಡೇ ಇಲ್ಲ.

ಅವರು ಕೇಳಿಸಿಕೊಂಡದ್ದು ಇನ್ನೊಬ್ಬನ ಮಾತನ್ನು. 1856ರಲ್ಲಿ ಲಂಡನ್ನಿನ ಓವೆನ್ ಜೋನ್ಸ್ ಜಗತ್ತಿನ ಅಲಂಕಾರಗಳಿಗೆಲ್ಲ ಒಂದು ವ್ಯಾಕರಣ ಬರೆದ. ಬಣ್ಣದ ಪುಟಗಳ ಆ ಭವ್ಯ ಗ್ರಂಥದಲ್ಲಿ ಅಧ್ಯಾಯಗಳು ಹೆಚ್ಚಾಗಿ ಜನಾಂಗದ ಪ್ರಕಾರ: ಈಜಿಪ್ಟಿನವರು, ಗ್ರೀಕರು, ಅರಬರು, ತುರ್ಕರು, ಪರ್ಶಿಯನ್ನರು. ಭಾರತಕ್ಕೆ ‘ಇಂಡಿಯನ್’ ಎಂದು ಒಂದು, ‘ಹಿಂದೂ’ ಎಂದು ಮತ್ತೊಂದು ಅಧ್ಯಾಯ. ಮೊಟ್ಟಮೊದಲ ಅಧ್ಯಾಯ ಅವನ ಮಾತಿನಲ್ಲಿ ‘ಕಾಡುಜನ’ರದ್ದು. ಅದಕ್ಕೆ ಐದು ವರ್ಷ ಮೊದಲು, 1851ರಲ್ಲಿ, ಲಂಡನ್ನಿನ ಮಹಾ ಪ್ರದರ್ಶನ ನಡೆದಿತ್ತು. ಅಲ್ಲಿ ದೇಶಕ್ಕೊಂದು ಜಾಗ. ಕೋಲ್ಟ್ ತನ್ನ ರಿವಾಲ್ವರುಗಳನ್ನು ಅಮೆರಿಕದ ಭಾಗದಲ್ಲಿ ಜೋಡಿಸಿಟ್ಟದ್ದೂ ಅಲ್ಲೇ. ಕೈಕೆಲಸವನ್ನು ದೇಶದ ಸ್ವಭಾವವೆಂಬಂತೆ ಓದುವ ಚಟ ಬೆಳೆದದ್ದು ಇಂಥ ಪ್ರದರ್ಶನ, ಇಂಥ ಗ್ರಂಥಗಳ ನೆರಳಿನಲ್ಲಿ. ಸಾಮ್ರಾಜ್ಯ ತನ್ನ ಸಾಮಾನುಗಳನ್ನು ಕಪಾಟಿನಲ್ಲಿ ಜೋಡಿಸಿದ ಕ್ರಮ ಅದು. ಸಾಮ್ರಾಜ್ಯ ಹೋಯಿತು, ಕಪಾಟು ಉಳಿಯಿತು.

ಕಾರ್ಖಾನೆಗಳ ಒಳಗಿನ ಹೆಸರುಗಳಾದರೂ ನೆಟ್ಟಗಿದ್ದವೇ? ವಿಂಚೆಸ್ಟರ್ ಕಂಪನಿ 1897ರಲ್ಲಿ ತನ್ನ ಅಲಂಕೃತ ರೈಫಲುಗಳಿಗೆಂದೇ ಒಂದು ಕ್ಯಾಟಲಾಗು ತಂದಿತು. ಅದರಲ್ಲಿ ಲೋಹದ ಕೆತ್ತನೆಗೆ ಅಂಕಿಗಳು, ಮರದ ಕೆತ್ತನೆಗೆ ಅಕ್ಷರಗಳು. ಹೋಟೆಲಿನ ಮೆನು ನೋಡಿದಂತೆ ನಂಬರು ಹೇಳಿದರೆ ಸಾಕು. ಕೋಲ್ಟ್ ಕಂಪನಿಯ ಎ, ಬಿ, ಸಿ, ಡಿ ದರ್ಜೆಗಳು ಹೇಳುವುದು ಕೋವಿಯ ಮೈಯಲ್ಲಿ ಎಷ್ಟು ಪಾಲು ಬಳ್ಳಿ ತುಂಬಿದೆ ಎಂದು: ಕಾಲು, ಅರ್ಧ, ಮುಕ್ಕಾಲು, ಪೂರ್ತಿ. ಮದುವೆ ಮಂಟಪದ ಹೂವಿನ ಅಲಂಕಾರಕ್ಕೆ ಚದರಡಿ ಲೆಕ್ಕ ಹಾಕಿದಂತೆ. ಇವು ಬೆಲೆಪಟ್ಟಿಗಳು. ಒಂದು ಪ್ರಾಮಾಣಿಕತೆ ಇವಕ್ಕಿದೆ, ಬೆಲೆಪಟ್ಟಿ ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತವೆ. ದೇಶದ ಹೆಸರುಗಳು ಬೆಲೆಯನ್ನೇ ನಿರ್ಧರಿಸುತ್ತಾ ಇತಿಹಾಸದ ವೇಷ ಹಾಕಿಕೊಳ್ಳುತ್ತವೆ.

ನನ್ನ ವಾದಕ್ಕೆ ಎದುರುವಾದಗಳಿವೆ, ಗಟ್ಟಿಯಾದವೇ ಇವೆ. ಮೊದಲನೆಯದು ಕೆತ್ತನೆಗಾರರದ್ದು. ‘ಗಿರಾಕಿ ಬಂದು ಅಮೆರಿಕನ್ ಬೇಕು ಅಂದರೆ ನಮಗೆ ತಕ್ಷಣ ತಿಳಿಯುತ್ತದೆ. ಬೆನ್ನುಗೆರೆ, ನೆಲ ಅಂತ ಪುರಾಣ ಹೇಳುತ್ತಾ ಕೂರಲು ಪುರುಸೊತ್ತಿಲ್ಲ’ ಎನ್ನಬಹುದು. ಒಪ್ಪಿದೆ. ಅಂಗಡಿಯ ಮಾತಿಗೆ ಅಂಗಡಿಯ ಪದ ಇರಲಿ. ನನ್ನ ಜಗಳ ಅಂಗಡಿಯ ಜೊತೆಯಲ್ಲ. ಅಂಗಡಿಯ ಪದವನ್ನು ಎತ್ತಿಕೊಂಡು ಹೋಗಿ ಮ್ಯೂಸಿಯಮ್ಮಿನ ಚೀಟಿಗೂ ಪ್ರಬಂಧದ ಶೀರ್ಷಿಕೆಗೂ ಅಂಟಿಸುವವರ ಜೊತೆ. ಅಂಗಡಿಯಲ್ಲಿ ಅದು ಸಂಕ್ಷಿಪ್ತ ಮಾತು, ಮ್ಯೂಸಿಯಮ್ಮಿನಲ್ಲಿ ಅದು ತೀರ್ಪು.

ಎರಡನೆಯದು ನಮ್ಮವರೇ ಕೇಳುವ ಪ್ರಶ್ನೆ. ‘ಇಳಕಲ್ ಸೀರೆ, ಚನ್ನಪಟ್ಟಣದ ಬೊಂಬೆ ಅನ್ನುವುದಿಲ್ಲವೇ? ಊರಿನ ಹೆಸರಿಟ್ಟರೆ ತಪ್ಪೇನು?’ ಊರಿನ ಹೆಸರಿಗೂ ದೇಶದ ಹೆಸರಿಗೂ ವ್ಯತ್ಯಾಸವಿದೆ. ಇಳಕಲ್ ಅಂದರೆ ಮಗ್ಗಗಳಿರುವ ಒಂದು ಊರು. ಅಲ್ಲಿಗೆ ಹೋಗಿ ಯಾರು ನೇಯುತ್ತಾರೆ, ಒಡಲಿಗೂ ಸೆರಗಿಗೂ ಹೇಗೆ ಗಂಟು ಹಾಕುತ್ತಾರೆ ಎಂದು ಕೇಳಿ ಬರಬಹುದು. ಆ ಹೆಸರು ನಮ್ಮನ್ನು ನೇಯುವವರ ಮನೆ ಬಾಗಿಲಿಗೆ ಕರೆದೊಯ್ಯುತ್ತದೆ. ಫೆರ್ಲಾಖ್, ಲೀಜ್, ಸೂಲ್, ಗಾರ್ದೋನೆ ಎಂದು ಕೋವಿ ಮಾಡುವ ಊರಿನ ಹೆಸರು ಹೇಳಿದರೆ ನನ್ನ ತಕರಾರಿಲ್ಲ. ‘ಜರ್ಮಾನಿಕ್’ ಎಂಬುದು ಯಾವ ಮನೆಯ ಬಾಗಿಲಿಗೂ ಕರೆದೊಯ್ಯುವುದಿಲ್ಲ. ಧ್ವಜದ ಕಂಬದ ಬುಡಕ್ಕೆ ತಂದು ನಿಲ್ಲಿಸುತ್ತದೆ, ಅಷ್ಟೇ.

ಈ ಹೆಸರುಗಳ ಹೊಡೆತ ನಮ್ಮ ಮನೆಯಂಗಳಕ್ಕೂ ಬಿದ್ದಿದೆ. ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಮಾಡಿದ ಕೋವಿ, ಪಿಸ್ತೂಲುಗಳು 1799ರ ಲೂಟಿಯ ನಂತರ ಹಡಗು ಹತ್ತಿ ಇಂಗ್ಲೆಂಡಿನ ಅರಮನೆ, ಬಂಗಲೆ, ಮ್ಯೂಸಿಯಮ್ಮುಗಳನ್ನು ಸೇರಿದವು. ಹುಲಿಯ ತಲೆಯ ಆಕಾರ, ‘ಬಬ್ರಿ’ ಎನ್ನುವ ಹುಲಿಪಟ್ಟೆಯ ಗುರುತು, ನಳಿಗೆಯ ಮೇಲೆ ಚಿನ್ನ ಬೆಳ್ಳಿಯ ಕೆಲಸ, ಇವೆಲ್ಲ ಅವುಗಳ ಮೇಲೆ ಕಾಣುತ್ತವೆ. ಹುಲಿಪಟ್ಟೆ ಬೇರೆಲ್ಲೂ ಹೀಗೆ ಕಾಣದ್ದರಿಂದ ಅದಕ್ಕೆ ಅದರದೇ ಹೆಸರು ಉಳಿಯಿತು. ಪಕ್ಕದಲ್ಲೇ ಹಬ್ಬಿದ ಎಲೆಬಳ್ಳಿಗೆ ಮಾತ್ರ ‘ಅರಬೆಸ್ಕ್’ ಎಂದೋ ‘ಸ್ಕ್ರಾಲ್’ ಎಂದೋ ಒಂದು ಚೀಟಿ. ವಿಚಿತ್ರವೆಂದರೆ ಈ ಕೋವಿಗಳಲ್ಲಿ ಎಷ್ಟೋ ತಮ್ಮ ಕಥೆಯನ್ನು ತಾವೇ ಹೇಳುತ್ತವೆ. ಮಾಡಿದವನ ಹೆಸರು, ಪಟ್ಟಣ ಎಂಬ ಊರಿನ ಹೆಸರು, ಟಿಪ್ಪು ಜಾರಿಗೆ ತಂದ ಪಂಚಾಂಗದ ವರ್ಷ, ಎಲ್ಲ ಪರ್ಶಿಯನ್ ಅಕ್ಷರಗಳಲ್ಲಿ ಲೋಹದ ಮೇಲೇ ಇವೆ. ಲಂಡನ್ನಿನ ಕೆತ್ತನೆಗಾರನಿಗೆ ಅಪರೂಪವಾಗಿದ್ದ ಭಾಗ್ಯ ಶ್ರೀರಂಗಪಟ್ಟಣದ ಕುಶಲಕರ್ಮಿಗೆ ಸಿಕ್ಕಿತ್ತು. ಆದರೂ ಜಗತ್ತು ಆ ಕೋವಿಯನ್ನು ಗುರುತಿಸುವುದು ಎರಡೇ ಪದಗಳಿಂದ: ‘ಟಿಪ್ಪುವಿನದು’, ‘ಅರಬೆಸ್ಕ್’. ಒಡೆಯನ ಹೆಸರು ಉಳಿಯಿತು, ಪರದೇಶದ ಹೆಸರೊಂದು ಸೇರಿತು, ಮಾಡಿದವನು ಚೀಟಿಯಿಂದ ಬಿದ್ದುಹೋದ.

ಇದರಿಂದ ನನಗೆ ಬಿದ್ದ ಪೆಟ್ಟನ್ನೂ ಹೇಳಿಬಿಡುತ್ತೇನೆ. ಇಂಥ ಒಂದು ನಳಿಗೆಯ ಅಲಂಕಾರವನ್ನು ಕುರಿತ ನನ್ನ ಲೇಖನದಲ್ಲಿ ‘ಬಳ್ಳಿ’ ಎಂಬ ಕನ್ನಡ ಪದವನ್ನೇ ಇಟ್ಟು, ಬೆನ್ನುಗೆರೆ, ಎಲೆ, ನೆಲ ಎಂದು ವಿವರಿಸಿದ್ದೆ. ವಿದ್ವತ್ ಪತ್ರಿಕೆಯೊಂದರ ಪರಿಶೀಲಕರು, ಅಂತರರಾಷ್ಟ್ರೀಯ ಓದುಗರಿಗೆ ಅರ್ಥವಾಗಬೇಕಾದರೆ ಅದನ್ನು ‘ಅರಬೆಸ್ಕ್’ ಎಂದು ಬದಲಿಸಬೇಕು, ಸ್ಥಳೀಯ ಪದ ಭಾವುಕತೆಯಾಗುತ್ತದೆ ಎಂದು ಬರೆದು ಕಳಿಸಿದರು. ಯುರೋಪಿನವರು ಅರಬರಿಗೆ ಇಟ್ಟ ಹೆಸರನ್ನು ಶ್ರೀರಂಗಪಟ್ಟಣದ ಕೆಲಸಕ್ಕೆ ಅಂಟಿಸಿದರೆ ಅದು ಶಾಸ್ತ್ರ, ಆ ಊರಿನಲ್ಲಿ ಆಡುವ ಪದ ಬಳಸಿದರೆ ಭಾವುಕತೆ! ನಾನು ಬದಲಿಸಲಿಲ್ಲ. ಲೇಖನ ಅಚ್ಚಾಗಲಿಲ್ಲ. ಸಂಶೋಧನಾ ವಿದ್ಯಾರ್ಥಿಗೆ ಒಂದು ಲೇಖನ ಅಚ್ಚಾಗದಿರುವುದು ಅಂದರೆ ಏನೆಂದು ಈ ದಾರಿಯಲ್ಲಿ ನಡೆದವರಿಗೆ ಗೊತ್ತು.

‘ಹಾಗಾದರೆ ಎಲ್ಲಕ್ಕೂ ಕನ್ನಡದ ಹೆಸರಿಡಬೇಕು ಎನ್ನುತ್ತೀಯಾ?’ ಎಂದು ಕೇಳಿದರೆ, ಇಲ್ಲ. ಅದು ಇನ್ನೊಂದು ಪಾಸ್‌ಪೋರ್ಟು ಆದೀತು. ನಾನು ಕೇಳುತ್ತಿರುವುದು ಕೈ ಏನು ಮಾಡಿತು ಎಂದು ಹೇಳುವ ಹೆಸರುಗಳನ್ನು. ಅಂಥವು ಜಗತ್ತಿನಲ್ಲಿ ಬೇಕಾದಷ್ಟಿವೆ. ಇಟಲಿಯವರ ‘ಬುಲಿನೊ’ ನೋಡಿ. ಅದು ಉಳಿಯ ಹೆಸರು. ಆ ಉಳಿಯಿಂದ ಕೂದಲಿಗಿಂತ ತೆಳುವಾದ ಗೆರೆ, ಚುಕ್ಕೆಗಳನ್ನು ಕೊರೆದು ಫೋಟೋದಂಥ ಚಿತ್ರ ಮೂಡಿಸುವ ಕೆಲಸಕ್ಕೂ ಅದೇ ಹೆಸರು. ಉತ್ತರ ಭಾರತದ ಆಯುಧಗಳ ‘ಕೋಫ್ತಗಿರಿ’ ಅಂದರೆ ಉಕ್ಕನ್ನು ಒರಟುಗೊಳಿಸಿ ಚಿನ್ನದ ತಂತಿಯನ್ನು ಬಡಿದು ಕೂರಿಸುವುದು, ಪದದ ಮೂಲದಲ್ಲೇ ಬಡಿತವಿದೆ. ನಮ್ಮ ಬೀದರಿನ ಕುಶಲಕರ್ಮಿಗಳು ತಂತಿಯ ಕೆಲಸಕ್ಕೆ ‘ತಾರ್‌ಕಶಿ’ ಎನ್ನುತ್ತಾರೆ, ಬೆಳ್ಳಿಯ ತಗಡು ಕೂರಿಸುವುದಕ್ಕೆ ಬೇರೆಯೇ ಹೆಸರಿದೆ. ಧಾರವಾಡದ ಕಡೆಯ ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತಿ ಇವೆ. ಒಂದೂ ಜನಾಂಗದ ಹೆಸರಲ್ಲ, ನಾಲ್ಕೂ ಹೊಲಿಗೆಯ ಹೆಸರು. ರಂಗೋಲಿ ಹಾಕುವವರು ಚುಕ್ಕಿ ರಂಗೋಲಿ, ಎಳೆ ರಂಗೋಲಿ ಎನ್ನುತ್ತಾರೆ, ಚಾಲುಕ್ಯ ರಂಗೋಲಿ ಎನ್ನುವುದಿಲ್ಲ. ಹಳೆಯ ಕೋಲ್ಟ್ ಸಂಗ್ರಾಹಕರೂ ಗುಸ್ತಾವ್ ಯಂಗ್‌ನ ಮೊದಮೊದಲ ದುಂಡು ಸುರುಳಿಗೆ ‘ಡೋನಟ್ ಸ್ಕ್ರಾಲ್’ ಎನ್ನುತ್ತಾರೆ. ವಿದ್ವಾಂಸರು ನಗಬಹುದು. ನನಗಂತೂ ಆ ಡೋನಟ್ಟು ‘ಜರ್ಮಾನಿಕ್’ಗಿಂತ ಸಾವಿರ ಪಾಲು ಮೇಲು. ಹಾಗೆ ಕರೆದವನು ಕನಿಷ್ಠಪಕ್ಷ ಕೋವಿಯನ್ನು ನೋಡಿ ಹೆಸರಿಟ್ಟಿದ್ದಾನೆ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಅನುಕೂಲವೂ ಇದೆ. ಇಂಗ್ಲಿಷಿನ ‘ಸ್ಕ್ರಾಲ್’ ಎಂಬ ಪದದ ಹಿಂದೆ ಇರುವುದು ಸುತ್ತಿಟ್ಟ ಕಾಗದ. ಆ ಪದ ನೋಡುವುದು ಸುತ್ತನ್ನು ಮಾತ್ರ. ಕನ್ನಡದ ‘ಬಳ್ಳಿ’ ನೋಡುವುದು ಬೆಳವಣಿಗೆಯನ್ನು. ಎಲ್ಲಿಂದ ಹುಟ್ಟಿತು, ಎಲ್ಲಿ ಕವಲೊಡೆಯಿತು, ಯಾವ ಕಡೆ ಹಬ್ಬಿತು ಎಂದು ಕೇಳಿಸುತ್ತದೆ. ನುರಿತ ಕೆತ್ತನೆಗಾರರು ಶಿಷ್ಯರಿಗೆ ಕಲಿಸುವುದೂ ಇದನ್ನೇ: ಎಲೆ ಬೆನ್ನುಗೆರೆಯ ಹರಿವಿನ ದಿಕ್ಕಿಗೇ ಚಿಗುರಬೇಕು, ತಿರುಗಿ ಚಿಗುರಿದರೆ ಬಳ್ಳಿ ಸತ್ತಂತೆ. ದೇವಾಲಯಗಳ ಬಗ್ಗೆ ಬರೆಯುವವರು ಶಿಲ್ಪದ ಬಳ್ಳಿಗೆ ‘ಪತ್ರಲತೆ’ ಎನ್ನುತ್ತಾರೆ. ಎಲೆಯೂ ಬಂತು, ಬಳ್ಳಿಯೂ ಬಂತು. ಲಂಡನ್ನಿನ ಕೋವಿಗೆ ಪತ್ರಲತೆ ಎಂದು ಹೆಸರಿಡಿ ಎನ್ನುತ್ತಿಲ್ಲ. ನೋಡುವ ಕ್ರಮವನ್ನು ಆ ಪದದಿಂದ ಕಲಿಯಬಹುದು ಎನ್ನುತ್ತಿದ್ದೇನೆ.

ಆದ್ದರಿಂದ ಚೀಟಿ ಬರೆಯುವವರಲ್ಲಿ, ಪ್ರಬಂಧ ಬರೆಯುವವರಲ್ಲಿ, ಅವನ್ನು ತಿದ್ದುವವರಲ್ಲಿ ನನ್ನ ಬೇಡಿಕೆ ಇಷ್ಟು. ಮೊದಲು ಬಳ್ಳಿಯನ್ನು ನೋಡಿ ಬರೆಯಿರಿ: ಸುರುಳಿ ಎಷ್ಟು ದೊಡ್ಡದು, ಬೆನ್ನುಗೆರೆ ಕಾಣುತ್ತದೆಯೇ, ಎಲೆ ಎಂಥದು, ನೆಲವನ್ನು ಏನು ಮಾಡಿದ್ದಾರೆ, ಯಾವ ಉಪಕರಣ. ಆಮೇಲೆ ಯಾವ ಊರಿನ ಯಾವ ಅಂಗಡಿ ಎಂದು ಬರೆಯಿರಿ. ಆಮೇಲೆ ಗೊತ್ತಿದ್ದರೆ ಕೆತ್ತಿದವನ ಹೆಸರು, ಅವನು ಎಲ್ಲಿ ಕಲಿತು 어ಲ್ಲಿಂದ ಬಂದವನು ಎಂದು ಬರೆಯಿರಿ. ಗೊತ್ತಿಲ್ಲದಿದ್ದರೆ ‘ಕೆತ್ತಿದವರ ಹೆಸರು ತಿಳಿದಿಲ್ಲ’ ಎಂದು ಬರೆಯಿರಿ. ಆ ಒಂದು ಸಾಲಿಗೆ ದೊಡ್ಡ ಬೆಲೆಯಿದೆ. ಅಲ್ಲೊಬ್ಬ ಮನುಷ್ಯನಿದ್ದ, ಅವನನ್ನು ನಾವು ಕಳೆದುಕೊಂಡಿದ್ದೇವೆ ಎಂದಾದರೂ ಅದು ಒಪ್ಪಿಕೊಳ್ಳುತ್ತದೆ. ‘ಇಂಗ್ಲಿಷ್’, ‘ಅಮೆರಿಕನ್’ ಎಂಬ ಚೀಟಿ ಅದನ್ನೂ ಒಪ್ಪುವುದಿಲ್ಲ. ಖಾಲಿ ಜಾಗವನ್ನು ದೇಶವೊಂದರಿಂದ ತುಂಬಿ, ಹುಡುಕುವ ಕೆಲಸ ಮುಗಿಯಿತು ಎಂದುಬಿಡುತ್ತದೆ. ಹುಡುಕುವ ಕೆಲಸ ಇನ್ನೂ ಶುರುವೇ ಆಗಿಲ್ಲ.